ಎಡಗೈಯ ಹಸಿರು ಬಳೆ

ತಿ. ನರಸೀಪುರ
14 ಜೂನ್ 2025

ನನ್ನ ಮುದ್ದು ಅಮ್ಮನಿಗೆ,

ನಿನ್ನ ಚೈತ್ರಳಿಂದ ಸಾವಿರ ನಮಸ್ಕಾರ, ಎರಡು ಸಾವಿರ ಮುತ್ತು. ಮದುವೆಯಾಗಿ ಹದಿನಾರು ದಿನವಾಯಿತು. ಎಷ್ಟು ಖುಷಿಯಾಗಿದ್ದೇನೆ ಗೊತ್ತಾ? ಅಮೃತೇಶ್ ಬೆಳಿಗ್ಗೆ ಕಾಫಿ ಮಾಡಿಯೇ ಎಬ್ಬಿಸುವುದು. ಅತ್ತೆ ನನ್ನನ್ನು ಕಂಪ್ಯೂಟರ್ ಸೊಸೆ ಎಂದು ಎಲ್ಲರಿಗೂ ತೋರಿಸುತ್ತಾರೆ.

ಇದನ್ನೇ ಇನ್ನೂ ನಾಲ್ಕು ಪುಟ ಬರೆಯಬಹುದಿತ್ತು. ಆದರೆ ನಿನ್ನೆ ಅಪ್ಪ ಫೋನ್ ಮಾಡಿದ್ದರು. ನಿನ್ನ ಎಡಗೈ ಕೆಂಪಗೆ ಊದಿ, ಜ್ವರ ಬಂದು, ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದ್ದಾರಂತೆ. ನರ್ಸ್ ಬಳೆ ಒಡೆಯಲು ಬಂದರೆ ನೀನು ಕೈ ಎಳೆದುಕೊಂಡು, ಮಗಳ ಮದುವೆ ಬಳೆ ಕಣವ್ವ, ತಿಂಗಳು ತುಂಬೋಗಂಟ ಮುಟ್ಟಬ್ಯಾಡ ಅಂದೆಯಂತೆ.

ಆ ಬಳೆ ಏರಿಸಿದವಳು ನಾನು, ಅಮ್ಮ.

ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಾಗಿನಿಂದ ಆ ಕೈ ಊದುತ್ತದೆ. ಅದಕ್ಕೇ ನಾನು ಪಿಎಚ್‌ಡಿಗೆ ದುಗ್ಧರಸವನ್ನು ಆರಿಸಿಕೊಂಡದ್ದು. ಮೈಯ ತಿಳಿನೀರು ಹರಿಯುವ ಕೂದಲಿನಂಥ ನಾಳ, ಅದರೊಳಗೆ ಎರಡೆರಡು ಎಸಳಿನ ಕವಾಟಗಳು. ನೀರು ಮೇಲಕ್ಕೆ ಹೋಗಬೇಕು, ಕೆಳಕ್ಕೆ ಜಾರಬಾರದು. ಮೂರು ವರ್ಷದಿಂದ ಅದನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡುತ್ತಿದ್ದೇನೆ. ಒಂದು ಕಡೆ ಬಿಗಿದು ಕಟ್ಟಿದರೆ ಕೆಳಗಿನ ನಾಳ ಹಿಗ್ಗುತ್ತದೆ, ಎಸಳುಗಳು ಕೂಡುವುದಿಲ್ಲ, ನೀರು ವಾಪಸು. ಪರದೆಯ ಮೇಲೆ ತೋರಿಸಿದಾಗ, ನಮ್ಮ ಕಾಲುವೆ ತೂಬಿನಂಗೇ ಅದೆಯಲ್ಲೇ ಅಂದಿದ್ದೆ ನೀನು.

ಅಷ್ಟು ಗೊತ್ತಿದ್ದೂ ಬಳೆಶಾಸ್ತ್ರದ ದಿನ, ತೋಳನ್ನೆಲ್ಲ ಹದವಾಗಿ ಒತ್ತಿಹಿಡಿಯುವ ನಿನ್ನ ಸ್ಲೀವ್ ಬಿಚ್ಚಿಸಿದೆ. ಈ ಕೈಗೆ ಬ್ಯಾಡ ಕಣವ್ವ, ಊದ್ಕೊಂಡದೆ, ಎಂದು ಬಳೆಗಾರ ಸಣ್ಣಯ್ಯನೇ ಹಿಂಜರಿದ. ಫೋಟೋಗೆ ಎರಡು ಕೈಯೂ ತುಂಬಿರಲಿ ಎಂದು ನಾನೇ ಸೋಪುನೀರು ಹಚ್ಚಿ, ನಗುನಗುತ್ತಾ, ಡಜನ್ ಬಳೆ ತಳ್ಳಿದೆ. ನೀನು ಹಲ್ಲುಕಚ್ಚಿಕೊಂಡು ನಕ್ಕೆ. ಧಾರೆ ಮುಗಿಯಿತು, ಕಾರು ಹತ್ತಿದೆ. ಬಳೆ ತೆಗೆದುಬಿಡು ಎಂದು ಹೇಳಲು ನೆನಪೇ ಆಗಲಿಲ್ಲ.

ಬಳೆ ಒಡೆದರೆ ನನ್ನ ಸಂಸಾರಕ್ಕೆ ಏನೂ ಆಗುವುದಿಲ್ಲ. ಫೋನಿನಲ್ಲಿ ಹೇಳಿದರೆ ನನಗೇನಾಗಿದೆ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಅಮೃತೇಶ್ ಇದನ್ನು ತೆಗೆದುಕೊಂಡು ಈಗಲೇ ಬೈಕಿನಲ್ಲಿ ಹೊರಡುತ್ತಾರೆ. ನಾನು ಅತ್ತೆಯ ಜೊತೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಎಡಗೈ ಖಾಲಿಯಾಗಿರಲಿ.

ನಿನ್ನನ್ನು ನೋಯಿಸಿದ ಮಗಳು,
ಚೈತ್ರ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಫೋಟೋಗೆ ಎಂದದ್ದು ಸುಳ್ಳು. ನಿನ್ನ ಕ್ಯಾನ್ಸರ್ ವಿಷಯ ಈ ಮನೆಯಲ್ಲಿ ಹೇಳಿರಲಿಲ್ಲ. ಸ್ಲೀವ್ ಕಂಡರೆ ಕೇಳುತ್ತಾರೆಂದು ಬಿಚ್ಚಿಸಿದೆ, ಬರಿಗೈ ಕಂಡರೂ ಕೇಳುತ್ತಾರೆಂದು ಬಳೆ ತುಂಬಿಸಿದೆ. ಇವತ್ತು ಬೆಳಿಗ್ಗೆ ಅತ್ತೆಗೆ ಹೇಳಿದೆ. ಅವರು, ಧಾರೆ ಎರೆಯುವಾಗಲೇ ನಿಮ್ಮಮ್ಮನ ಕೈ ನೋಡಿದ್ದೆ ಕಣಮ್ಮ, ನಮ್ಮಕ್ಕನ ಕೈಯೂ ಹಂಗೇ ಇತ್ತು, ಅಂದರು.