ಎವ್ದೋಕಿಯಳ ಆರು ದಿನ

ಮೇ 6, ಬೆಳಿಗ್ಗೆ
ಕಾಫಿ ಆರಿತು. ನನ್ನ ಪುಸ್ತಕದ ಪ್ರೂಫ್, ನಾಲ್ಕನೆಯ ಅಧ್ಯಾಯ. ಮತ್ತೆ ಅದೇ ಇಬ್ಬರು. 1848, ಹೊರದೇಶದ ಬಂದರು ಟ್ರಿಯೆಸ್ಟ್. ಅಲ್ಲಿನ ಗ್ರೀಕ್ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಎವ್ದೋಕಿಯ ಮಾರು. ಶಾಲೆಯ ಅತಿಥಿ ಲಾಜರೊಸ್ ಗೇಕಸ್ — ನಮ್ಮೂರ ಚೌಕದಲ್ಲಿ ಪ್ರತಿಮೆಯಾಗಿ ನಿಂತಿರುವವನು. ಇಬ್ಬರ ಪ್ರಬಂಧದಲ್ಲೂ ಅವೇ ಹನ್ನೊಂದು ಪುಟ. ಅವನ ಹಸ್ತಪ್ರತಿಯ ಮೇಲೆ ಜೂನ್ 14, ಅವಳದರ ಮೇಲೆ ಜೂನ್ 20. ಕದ್ದವಳು ಅವಳು ಎಂದು ಮೂವತ್ತು ವರ್ಷದ ಹಿಂದೆ ನಮ್ಮ ಮೇಷ್ಟ್ರು ವ್ರಾನಸ್ ಬರೆದರು. ಪರೀಕ್ಷೆಯಲ್ಲಿ ನಾವೂ ಅದನ್ನೇ ಬರೆದೆವು.

ಆದರೆ ಅವಳ ತಾರೀಕು ಆ ಊರಿನ ಹೊಸ ಕ್ಯಾಲೆಂಡರಿನದು. ಅವನು ಅಲ್ಲಿದ್ದೂ ನಮ್ಮ ಗ್ರೀಕರ ಹಳೆಯದನ್ನು ಬಿಟ್ಟಿರಲಿಲ್ಲ. ಆಗ ಹಳೆಯದು ಹನ್ನೆರಡು ದಿನ ಹಿಂದೆ, ಈಗ ಹದಿಮೂರು. ಕೂಡಿಸಿದರೆ ಅವನದು ಜೂನ್ 26. ಆರು ದಿನ ಮೊದಲು ಬರೆದವಳು ಅವಳು.

ಮೇ 9
ವ್ರಾನಸ್ ಕರೆಸಿದರು. ವಿಶ್ವವಿದ್ಯಾಲಯದಲ್ಲಿ ನನ್ನ ಬಡ್ತಿಗೆ ಮತ ಹಾಕುವ ಹನ್ನೊಂದು ಜನರಲ್ಲಿ ಅವರೇ ಹಿರಿಯರು.

"ಅಲ್ಲಮ್ಮ ಮೆರೋಪಿ, ಆ ನಾಲ್ಕನೇ ಅಧ್ಯಾಯ ತೆಗೆದ್ರೆ ಪುಸ್ತಕ ಸೊರಗತ್ತಾ?"

"ಪುಸ್ತಕ ಸೊರಗಲ್ಲ ಮೇಷ್ಟ್ರೇ. ನಾನು ಸೊರಗ್ತೀನಿ."

"ನೀನು ಸ್ವಲ್ಪ ಸೊರಗಿದ್ರೆ ಒಳ್ಳೇದೇ ಬಿಡು."

ನಕ್ಕರು. ನಾನೂ ನಕ್ಕೆ. ತೆಗೆಯುವುದಿಲ್ಲ ಎಂದೆ.

ಗೋಡೆಯ ಮೇಲೆ ಅವರ ತಾಯಿಯ ಫೋಟೋ. ಆಕೆ ಹಳೆಯ ಕ್ಯಾಲೆಂಡರಿನ ಪಂಥದವರು. ಮನೆಯಲ್ಲಿ ಎರಡು ಕ್ರಿಸ್ಮಸ್ ಆಗುತ್ತಿತ್ತಂತೆ — ಅಪ್ಪನದು, ಹದಿಮೂರು ದಿನ ಬಿಟ್ಟು ಅಮ್ಮನದು. ಕ್ಲಾಸಿನಲ್ಲಿ ಅವರೇ ಹೇಳಿದ್ದು.

ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಆ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ತಪ್ಪುವುದುಂಟೇ...

ಮೇ 27, ಮಧ್ಯಾಹ್ನ
ಮತ ಮುಗಿಯಿತು. ಗುಟ್ಟಿನದಲ್ಲ, ಒಬ್ಬೊಬ್ಬರೂ ನನ್ನೆದುರೇ ಕಾರಣ ಕೊಟ್ಟು ಹೇಳಬೇಕು. ಐದು ಹೌದು, ಐದು ಇಲ್ಲ. ಕೊನೆಗೆ ವ್ರಾನಸ್.

"ಇಲ್ಲ. ತಾರೀಕಿನ ವಾದ ಗಟ್ಟಿಯಿಲ್ಲ."

"ಒಂದು ಪ್ರಶ್ನೆ ಮೇಷ್ಟ್ರೇ. ನಿಮ್ಮಮ್ಮನ ಕ್ರಿಸ್ಮಸ್ ಯಾವತ್ತು?"

"ಜನವರಿ ಏಳು."

"ಬರ್ಕೊಳ್ಳಿ," ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿಗೆ ಹೇಳಿದೆ. ಬರೆದುಕೊಂಡಳು.

ಗೆದ್ದರೆ ಹಂಚಬೇಕೆಂದು ತಂದ ಬಾದಾಮಿ ಮಿಠಾಯಿ ಚೀಲದಲ್ಲೇ ಇತ್ತು. ಕಾರಿಡಾರಿನಲ್ಲಿ ಹನ್ನೊಂದೂ ಜನರಿಗೆ ಹಿಡಿದೆ.

"ಸೋತೋರು ಹಂಚ್ತಾರೇನಮ್ಮ?" ವ್ರಾನಸ್ ಕೇಳಿದರು.

"ಸೋತೋರು ಯಾರು ಮೇಷ್ಟ್ರೇ?"

ಒಂದು ತೆಗೆದುಕೊಂಡರು. ತಿನ್ನಲಿಲ್ಲ. "ಗೊತ್ತಿತ್ತು," ಎಂದರು. "ಬರೆಯೋವಾಗ್ಲೇ ಗೊತ್ತಿತ್ತು."

ಮೇ 28. ಹಳೆಯದರಲ್ಲಿ ಮೇ 15
ನಾಲ್ಕನೆಯ ಅಧ್ಯಾಯ ಈಗ ಮೊದಲನೆಯದು. ಫೋನ್ ಹೊಡೆದುಕೊಳ್ಳುತ್ತಿದೆ, ಮೇಷ್ಟ್ರದು. ಹೊಡೆದುಕೊಳ್ಳಲಿ. ಆರಂಭದ ಸಾಲು ಮೊದಲು ಇಲ್ಲಿ ಬರೆದು ನೋಡುತ್ತೇನೆ — 1848ರ ಜೂನ್ 20ರಂದು, ಬೇರೆ ಯಾರೂ ಬರೆಯುವ ಮೊದಲು, ಎವ್ದೋಕಿಯ ಮಾರು...