ಶಾಂತಕ್ಕನಿಗೆ ಮೊದಲ ರೊಟ್ಟಿ

ದೊಡ್ಡವ್ವ,

ಹೇಗಿದ್ದೀಯ ಎಂದು ಕೇಳಲು ಬರುವುದಿಲ್ಲ, ಕೇಳದೆ ಇರಲೂ ಬರುವುದಿಲ್ಲ. ನೀನು ತೀರಿಹೋದಾಗ ನಿನ್ನ ಮಗಳು ಶಾಂತಕ್ಕ ಐದು ತಿಂಗಳ ಬಸುರಿ. ನೀನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತಿದ್ದೆ, ಅಷ್ಟೆ. ಆಮೇಲಿನದೆಲ್ಲ ಹೇಳಬೇಕು. ನನ್ನಷ್ಟು ಮಾತಾಡುವವಳು ನಿನಗೆ ಇನ್ಯಾರು ಸಿಕ್ಕಾರು?

ಕುಕ್ಕುವಾಡದ ನಿನ್ನ ಅಡುಗೆಮನೆ ನೆನಪಾಗುತ್ತದೆ. ನೀನು ರೊಟ್ಟಿ ಬಡಿಯುತ್ತಿದ್ದೆ, ನಾನು ಯಾವುದೋ ಸಭೆಯಲ್ಲಿ ಕೊಟ್ಟ ಕರಪತ್ರವನ್ನು ನಿನಗೆ ಓದಿ ಹೇಳುತ್ತಿದ್ದೆ. "ಓದು ಓದು, ಆದ್ರೆ ರೊಟ್ಟಿ ತಿರುವಿ ಹಾಕ್ಕೋತ ಓದು" ಅಂದಿದ್ದೆ ನೀನು. ಬಸುರಿಯರ ಊಟದ ವಿಷಯ ಬಂದಾಗ ಮಾತ್ರ ನಿನ್ನ ಕೈ ನಿಂತಿತು. "ಶಾಂತಾ ಹೊಟ್ಟ್ಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದೆ ಕಣೇ. ಅದಕ್ಕೇ ಅದರ ಎಡಗಾಲು ಗಿಡ್ಡಾಗಿ ಹುಟ್ಟಿತು." ಅದೆಲ್ಲ ಸುಳ್ಳು ಎಂದು ನಾನು ಹಾರಾಡಿದೆ. "ಹಂಗಾರೆ ಯಾಕಾತು ಹೇಳು" ಅಂದೆ ನೀನು. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಅಂದು ನಿನ್ನ ಮನೆಯಿಂದ ಹೊರಟೆ.

ಶಾಂತಕ್ಕನ ಏಳನೇ ತಿಂಗಳಲ್ಲಿ ಹರಿಹರಕ್ಕೆ, ಅವಳ ಗಂಡನ ಮನೆಗೆ ಹೋಗಿದ್ದೆ. ಗಂಡಸರು ಉಂಡು ಎದ್ದ ಮೇಲೆ ಶಾಂತಕ್ಕನ ಅತ್ತೆ ಗೌರಮ್ಮ ಒಂದು ರೊಟ್ಟಿ ಮುರಿದು ಅರ್ಧವನ್ನು ಸೊಸೆಯ ತಟ್ಟೆಗೆ ಹಾಕಿ, ಉಳಿದರ್ಧವನ್ನು ಬುಟ್ಟಿಯಲ್ಲಿಟ್ಟರು. ಬುಟ್ಟಿ ತುಂಬ ರೊಟ್ಟಿ ಇದ್ದವು ದೊಡ್ಡವ್ವ! ಬಡತನವಲ್ಲ, ಜಿಪುಣತನವೂ ಅಲ್ಲ. ಕೇಳಿದರೆ, "ಈಕಿ ಸೊಂಟ ಮೊದ್ಲೇ ಒಂದು ಕಡಿಗೆ ವಾಲೈತೆ. ಕೂಸು ದಪ್ಪಾದ್ರೆ ಹೆಂಗೆ ಹೆರ್ತಾಳೆ? ಸಣ್ಣದಿರ್ಲಿ, ಸಲೀಸಾಗಿ ಬರ್ಲಿ" ಅಂದರು. ಪ್ರೀತಿಯಿಂದಲೇ ಒಬ್ಬರನ್ನು ಹಸಿವಿಗೆ ಹಾಕಬಹುದು ಎಂದು ಯಾವ ಕರಪತ್ರವೂ ನನಗೆ ಹೇಳಿರಲಿಲ್ಲ.

ನಾನು ಸುಮ್ಮನಿರುತ್ತೇನೆಯೇ? ಪೋಷಣೆ, ಹಕ್ಕು, ಎಲ್ಲರಿಗಿಂತ ಕಡೆಗೆ ಉಣ್ಣುವ ಹೆಣ್ಣಿನ ಪಾಡು, ಎಲ್ಲವನ್ನೂ ಬಡಬಡಿಸಿದೆ. ಗೌರಮ್ಮ ಪೂರ್ತಿ ಕೇಳಿ, "ಏನವ್ವಾ ಭಾಷಣದಾಕಿ, ನೀನು ಎಷ್ಟು ಹೆತ್ತೀ?" ಅಂದರು. ಶಾಂತಕ್ಕ ಕಿಸಕ್ಕನೆ ನಕ್ಕಳು. ನಗುವಾಗಲೂ ಅವಳ ಕಣ್ಣು ಬುಟ್ಟಿಯ ಮೇಲೇ ಇತ್ತು. ಅದನ್ನು ನೋಡಿದ ಮೇಲೆ ನನಗೆ ಭಾಷಣ ಸಾಕಾಯಿತು. ಹೀಗೇ ಬಿಟ್ಟರೆ ತಾಯಿ ಕೂಸು ಇಬ್ಬರನ್ನೂ ಕಳೆದುಕೊಳ್ಳುತ್ತೇವೆ ಅನ್ನಿಸಿತು.

ಮುಂದಿನ ತಪಾಸಣೆಗೆ ಗೌರಮ್ಮನವರನ್ನೂ ದಾವಣಗೆರೆಯ ಆಸ್ಪತ್ರೆಗೆ ಕರೆತಂದೆ. ಹೆದರಿಕೆ ಅವರದಲ್ಲವೇ, ಉತ್ತರವೂ ಅವರಿಗೇ ಸಿಗಲಿ ಎಂದು. ಡಾಕ್ಟರಮ್ಮ ಪರೀಕ್ಷೆ ಮಾಡಿ ಅಂದರು: "ಕೂಸಿನ ತೂಕ ಕಮ್ಮಿ ಐತೆ, ಈಕಿಗೆ ರಕ್ತನೂ ಕಮ್ಮಿ. ನೋಡ್ರಿ ಅಮ್ಮಾರೆ, ಹೊರಗೆ ತರೋದು ನಮ್ಮ ಕೆಲಸ. ಆಪರೇಷನ್ ಬೇಕಾದ್ರೆ ಮಾಡ್ತೀವಿ. ಬೆಳೆಸಿ ಕಳಿಸೋದು ನಿಮ್ಮ ಕೆಲಸ." ಗೌರಮ್ಮ ಸೊಸೆಯನ್ನು ನೋಡಿದರು, ಡಾಕ್ಟರನ್ನು ನೋಡಿದರು, ಕೊನೆಗೆ ನನ್ನ ಮೇಲೆ ಹರಿಹಾಯ್ದರು: "ಇಷ್ಟುದ್ದ ಮಾತಾಡ್ತೀ, ಇದನ್ನ ಮೊದ್ಲೇ ಹೇಳಬಾರದೇನೇ?"

ಹೊರಡುವಾಗ ಡಾಕ್ಟರಮ್ಮನಿಗೆ ನಿನ್ನ ಪ್ರಶ್ನೆಯನ್ನೂ ಕೇಳಿದೆ: ಶಾಂತಕ್ಕನ ಕಾಲು ಗಿಡ್ಡಾದದ್ದು ಗ್ರಹಣದಿಂದಲೇ, ಇಲ್ಲ ಬೇರೆ ಯಾತರಿಂದ? "ಗ್ರಹಣದಿಂದಂತೂ ಅಲ್ಲ. ಒಬ್ಬ ತಾಯಿ, ಒಂದು ಕೂಸು ಹಿಡಿದು ಇದರಿಂದಲೇ ಹಿಂಗಾತು ಅಂತ ಹೇಳಾಕಾಗಲ್ಲಮ್ಮ. ಊರಿಗೆ ಊರೇ ಬಸುರಿಯರು ಅರೆಹೊಟ್ಟೆ ಇದ್ರೆ ಮಾತ್ರ ಆ ಊರಿನ ಮಕ್ಕಳ ಮೇಲೆ ಅದು ಕಂಡೇ ಕಾಣ್ತೈತೆ" ಅಂದರು. ಕೇಳಿಸಿತೇ ದೊಡ್ಡವ್ವ? ಗ್ರಹಣವಲ್ಲ. ನೀನಂತೂ ಅಲ್ಲವೇ ಅಲ್ಲ. ಇಷ್ಟು ವರ್ಷ ಆ ಭಾರ ಹೊತ್ತೆಯಲ್ಲ, ಯಾರಾದರೂ ಒಬ್ಬರು ಮೊದಲೇ...

ಅಂದಿನಿಂದ ಆ ಮನೆಯಲ್ಲಿ ಹೆಂಚಿನಿಂದಿಳಿದ ಮೊದಲ ರೊಟ್ಟಿ ಶಾಂತಕ್ಕನಿಗೆ. ಮೇಲೆ ಕಾಳುಪಲ್ಯ, ಸೊಪ್ಪು, ಒಂದು ಲೋಟ ಹಾಲು. ಊಟಕ್ಕೆ ಎಂದೂ ಕಾಯದ ಅವಳ ಮಾವ, "ನಮಗೆ?" ಅಂದರಂತೆ. "ನಿಮಗೆ ಎಷ್ಟನೇ ತಿಂಗಳು?" ಅಂದರಂತೆ ಗೌರಮ್ಮ.

ಹಿಂದೆ ಹದಡಿಯಿಂದ ಗಂಡಿನ ಕಡೆಯವರು ನಿನ್ನ ಹಿರಿಮಗಳು ದೊಡ್ಡಕ್ಕನನ್ನು ನೋಡಲು ಬಂದ ದಿನ ನೀನು ಶಾಂತಕ್ಕನನ್ನು ಹಿಂದಿನ ಕೋಣೆಗೆ ಕಳಿಸಿದ್ದೆ. ಅಂಗವಿಕಲರಿದ್ದಾರೆಯೇ ಎಂದು ಮನೆ ಮನೆ ಎಣಿಸಲು ಬಂದವರಿಗೂ "ಅಂಥೋರು ನಮ್ಮನ್ಯಾಗೆ ಯಾರೂ ಇಲ್ರಿ" ಅಂದಿದ್ದೆ. ಒಬ್ಬಳನ್ನು ಮುಚ್ಚಿಟ್ಟು ಇನ್ನೊಬ್ಬಳ ಮದುವೆ ಮಾಡಬೇಕಾದ ಕಾಲದಲ್ಲಿ ಬೇರೇನು ಮಾಡುತ್ತಿದ್ದೆ ನೀನು? ಅವಳ ಎಂಟನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಹರಿಹರದ ಮನೆಗೆ ಬಂದು ಅದನ್ನೇ ಕೇಳಿದಾಗ ಶಾಂತಕ್ಕ ಒಳಗಿನಿಂದಲೇ ಕೂಗಿದಳು: "ಅದೀನ್ರೀ, ಬರ್ಕೊಳ್ರಿ! ಬಸುರಿ ಅಂತಾನೂ ಬರ್ಕೊಳ್ರಿ, ಎರಡೂ ಕಡೆ ನಾನೇ!" ಅಂಗವಿಕಲರ ಸಂಖ್ಯೆ ಏರಿತು ಎಂದು ಯಾರಾದರೂ ಹೌಹಾರಿದರೆ ನನಗೆ ಸಿಟ್ಟು ಬರುತ್ತದೆ. ಬಾಗಿಲ ಹಿಂದಿದ್ದವರು ಹೊರಗೆ ಬಂದರೂ ಸಂಖ್ಯೆ ಏರುತ್ತದಲ್ಲವೇ? ಎಣಿಕೆಗೇ ಸಿಗದವರಿಗೆ ಪಿಂಚಣಿ ಎಲ್ಲಿಂದ ಬರಬೇಕು, ಅಂಗನವಾಡಿಯ ಬಸುರಿ ಊಟ ಎಲ್ಲಿಂದ?

ಈಗ ನೀನು ಕಾಯುತ್ತಿರುವ ಸುದ್ದಿ. ಹೆಣ್ಣುಕೂಸು, ದೊಡ್ಡವ್ವ. ಆಪರೇಷನ್ನೇ ಆಯಿತು, ಆದರೆ ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ತೂಕ ನೋಡಿದ ನರ್ಸು "ಚಲೋ ಐತೆ ಬಿಡ್ರಿ" ಅಂದದ್ದನ್ನು ಗೌರಮ್ಮ ವಾರ್ಡಿನ ಒಂದೊಂದು ಮಂಚಕ್ಕೂ ಹೋಗಿ ಹೇಳಿ ಬಂದರು. ಬಂದವರೆಲ್ಲ ಬಟ್ಟೆ ಸರಿಸಿ ಕೂಸಿನ ಕಾಲು ನೋಡುತ್ತಿದ್ದರು. ಶಾಂತಕ್ಕ ಗದರಿದಳು: "ಮಾರಿ ನೋಡ್ರೇ ಮೊದ್ಲು! ಕಾಲು ಹೆಂಗಿದ್ರೂ ನನ್ನ ಮಗಳೇ." ಕಾಲು ನೆಟ್ಟಗಿವೆ. ಮುಖ ನಿನ್ನದೇ.

ನಿನ್ನೆ ಹರಿಹರಕ್ಕೆ ಹೋದಾಗ ಪಕ್ಕದ ಮನೆಯಾಕೆ, ಬಾಣಂತಿಗೆ ಸೊಪ್ಪು ಬ್ಯಾಡ, ನೀರು ಬ್ಯಾಡ ಎಂದು ಉಪದೇಶ ಮಾಡುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗೌರಮ್ಮನೇ ಅವಳನ್ನು ಕೂರಿಸಿಕೊಂಡು ಅರ್ಧ ಗಂಟೆ ಬುದ್ಧಿ ಹೇಳಿದರು. ಆ ಮನೆಯಲ್ಲಿ ನನಗಿನ್ನು ಕೆಲಸವಿಲ್ಲ, ಅದೇ ನನ್ನ ಸಂತೋಷ. ಆದರೆ ಕುಕ್ಕುವಾಡದ ನಿನ್ನ ಓಣಿಯಲ್ಲಿ ಈಗಲೂ ಬಸುರಿಯರು ಕಡೆಗೇ ಉಣ್ಣುತ್ತಿದ್ದಾರೆ. ಭಾನುವಾರ ಹೋಗುತ್ತಿದ್ದೇನೆ, ಮಾತು ಕೊಡುತ್ತೇನೆ. ಒಬ್ಬಳೇ ಅಲ್ಲ. ಗೌರಮ್ಮ ತಾನೂ ಬರುತ್ತೇನೆ ಅಂದಿದ್ದಾರೆ. ಒಂದೇ ಷರತ್ತು ಹಾಕಿದ್ದಾರೆ: "ನೀನು ಬಾಯಿ ಮುಚ್ಕೊಂಡಿರು. ಯಾವ ಮನ್ಯಾಗೆ ಅತ್ತಿ ಭಾಳ ಜೋರದಾಳೆ, ಮೊದ್ಲು ಅಲ್ಲಿಗೆ ಕರ್ಕೊಂಡು ಹೋಗು."

ನಿನ್ನ
ಮಂಗಳಾ