ಗಿಟಾರಿನ ಕತ್ತಿಗೆ ಇನ್ನು ಗೋಂದು ಹಚ್ಚಬೇಡಿ

ರೀ,

ಡ್ಯೂಟಿಗೆ ಹೊರಟೆ. ಗಿಟಾರನ್ನ ಮಂಚದ ಕೆಳಗೆ ಇಟ್ಟಿದೀನಿ. ಅದರ ಕತ್ತಿಗೆ ಇನ್ನು ಗೋಂದು ಹಚ್ಚಬೇಡಿ, ಕೈ ಮುಗಿತೀನಿ. ನಿನ್ನೆ ರಿಪೇರಿಯವನಿಗೆ ತೋರಿಸಿದೆ. ತಂತಿ ಸಡಿಲ ಮಾಡದೆ ಅಂಟಿಸಿದ್ದಕ್ಕೇ ಮತ್ತೆ ಅಲ್ಲೇ ಮುರಿದಿದೆಯಂತೆ. ಮರವೆಲ್ಲ ಗೋಂದು ಕುಡಿದುಬಿಟ್ಟಿದೆ, ಇನ್ನು ಏನು ಹಚ್ಚಿದ್ರೂ ಹಿಡಿಯಲ್ಲ ಅಂದ. "ಯಾರಮ್ಮ ಈ ಘನಂದಾರಿ ಕೆಲಸ ಮಾಡಿದ್ದು?" ಅಂತ ಕೇಳಿದ. "ನಾನೇ" ಅಂದುಬಿಟ್ಟೆ.

ನನ್ನ ಹೊಲಿಗೆ ಕತ್ತರಿ ಟೇಬಲ್ಲಿಗೆ ಅಂಟಿಕೊಂಡು ಕೂತಿದೆ, ದಯವಿಟ್ಟು ಬಿಡಿಸಿಡಿ. ಊಟ ಮುಚ್ಚಿಟ್ಟಿದೀನಿ, ಇವತ್ತಾದ್ರೂ ತಿನ್ನಿ.

ಮದುವೆಯಾದಾಗಿನಿಂದ ನಿದ್ದೆಯಲ್ಲಿ ನನ್ನ ತೋಳನ್ನೇ ಗಿಟಾರು ಮಾಡಿಕೊಂಡು ಬೆರಳು ಒತ್ತುತ್ತಿದ್ರಿ. ನಾನು ಕೈ ತಳ್ಳಿ ಬೈತಿದ್ದೆ. ಗಿಟಾರು ಮುರಿದ ಮೇಲೆ ನಿಮ್ಮ ಕೈ ಕೊರಡಿನ ಹಾಗೆ ಬಿದ್ದಿರುತ್ತೆ.

ಈಗ ನನಗೇ ನಿದ್ದೆ ಹತ್ತಲ್ಲ.